ಶ್ರೀಲಂಕಾ ಯುದ್ಧಾಪರಾಧಗಳ ಅಂತರರಾಷ್ಟ್ರೀಯ ತನಿಖೆ ನಿಲ್ಲಬಾರದು: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಲಂಕಾದ ಅಂತರ್ಯುದ್ಧದಲ್ಲಿ ನಡೆದ ಹತ್ಯೆ, ಚಿತ್ರಹಿಂಸೆ ಮತ್ತು ನಾಪತ್ತೆ ಪ್ರಕರಣಗಳ ಸಾಕ್ಷ್ಯವನ್ನು ಜಿನೀವಾದಲ್ಲಿ ವಿಶ್ವಸಂಸ್ಥೆಯ ಒಂದು ತಂಡ ಸಂಗ್ರಹಿಸುತ್ತಿದೆ. ಆ ಕೆಲಸ ಮುಂದುವರಿಯಲೇಬೇಕು ಎಂಬುದು ಈ ಬರಹದ ನಿಲುವು. ಈ ಮಾತೆತ್ತಿದಾಗಲೆಲ್ಲ ಎದುರಾಗುವ ಪ್ರಶ್ನೆಗಳಿಗೆ, ಆಕ್ಷೇಪಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಯುದ್ಧ ಮುಗಿದು ಇಷ್ಟು ವರ್ಷಗಳಾದವು. ಹಳೆಯದನ್ನು ಈಗ ಕೆದಕುವುದೇಕೆ?

ಯಾರೂ ಕೆದಕದಿದ್ದರೂ ಅಲ್ಲಿನ ನೆಲ ಸುಮ್ಮನಿರುತ್ತಿಲ್ಲ. 2025ರ ಫೆಬ್ರುವರಿಯಲ್ಲಿ ಜಾಫ್ನಾ ನಗರದ ಅಂಚಿನ ಚೆಮ್ಮಣಿ ಪ್ರದೇಶದ ಸ್ಮಶಾನವೊಂದರಲ್ಲಿ ಕಾಮಗಾರಿಗೆಂದು ಅಗೆಯುತ್ತಿದ್ದ ಕೆಲಸಗಾರರಿಗೆ ಮನುಷ್ಯರ ಮೂಳೆಗಳು ಸಿಕ್ಕವು. ಮೇ ತಿಂಗಳಿಂದ ನ್ಯಾಯಾಲಯದ ಉಸ್ತುವಾರಿಯಲ್ಲಿ ಉತ್ಖನನ ನಡೆಯಿತು. ಸೆಪ್ಟೆಂಬರ್ ಹೊತ್ತಿಗೆ 200ಕ್ಕೂ ಹೆಚ್ಚು ಅಸ್ಥಿಪಂಜರಗಳು ಪತ್ತೆಯಾಗಿದ್ದವು. ಆಳವಿಲ್ಲದ ಗುಂಡಿಗಳಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಅವುಗಳಲ್ಲಿ ಮಕ್ಕಳವೂ ಇದ್ದವು. ಮೂಳೆಗಳ ಜೊತೆ ಬಳೆ, ಚಪ್ಪಲಿ, ಮಗುವಿಗೆ ಹಾಲು ಕುಡಿಸುವ ಬಾಟಲಿ, ಒಂದು ಗೊಂಬೆ, ಒಂದು ನೀಲಿ ಶಾಲಾ ಚೀಲ ಸಿಕ್ಕವು. ಯಾರಾದರೂ ಗುರುತು ಹಿಡಿಯಬಹುದೆಂದು ಆಗಸ್ಟ್‌ನಲ್ಲಿ ಆ ವಸ್ತುಗಳನ್ನು ಸಾರ್ವಜನಿಕರ ಮುಂದೆ ಇಡಲಾಯಿತು. ಮಗನ ಚಪ್ಪಲಿ ಇದೆಯೇ, ಮೊಮ್ಮಗಳ ಬಳೆ ಇದೆಯೇ ಎಂದು ಹುಡುಕಿಕೊಂಡು ಜನ ಬಂದರು.

ಈ ಚೆಮ್ಮಣಿಯ ಹೆಸರು ಮೊದಲು ಕೇಳಿಬಂದದ್ದು 1998ರಲ್ಲಿ. ಜಾಫ್ನಾದ ಶಾಲಾ ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾದ ಸೈನಿಕನೊಬ್ಬ, ಅಲ್ಲಿ 300ರಿಂದ 400 ಶವಗಳನ್ನು ಹೂಳಲಾಗಿದೆ ಎಂದು ತುಂಬಿದ ನ್ಯಾಯಾಲಯದಲ್ಲಿ ಹೇಳಿದ. 1999ರಲ್ಲಿ ಅಗೆದಾಗ 15 ಶವಗಳು ದೊರೆತವು. ಅಷ್ಟಕ್ಕೇ ಕೆಲಸ ನಿಂತಿತು. ಸುಮಾರು 26 ವರ್ಷ ಹೀಗೇ ಉರುಳಿದವು. ಈ ನಡುವೆ ಎಷ್ಟೋ ತಾಯಂದಿರು ಉತ್ತರ ಸಿಗದೆ ಕಣ್ಮುಚ್ಚಿದರು. ಮೂಳೆಯ ಡಿಎನ್‌ಎ ಯಾರದ್ದೆಂದು ತಿಳಿಯಬೇಕಾದರೆ ಅದನ್ನು ಬದುಕಿರುವ ರಕ್ತಸಂಬಂಧಿಗಳ ಮಾದರಿಯೊಂದಿಗೆ ಹೋಲಿಸಬೇಕು. ಒಬ್ಬ ತಾಯಿ ತೀರಿಕೊಂಡಾಗಲೆಲ್ಲ ಒಂದು ಅಸ್ಥಿಪಂಜರ ಹೆಸರಿಲ್ಲದೆ ಉಳಿಯುವ ಸಂಭವ ಹೆಚ್ಚುತ್ತದೆ. ಇಷ್ಟು ವರ್ಷಗಳಾದವು ಎಂಬುದೇ ತನಿಖೆಯನ್ನು ಚುರುಕುಗೊಳಿಸಲು ಇರುವ ದೊಡ್ಡ ಕಾರಣ.

2009ರಲ್ಲಿ ನಡೆದದ್ದೇನು? ನೆನಪು ಮಸುಕಾಗಿದೆ.

ಶ್ರೀಲಂಕಾ ಸರ್ಕಾರಕ್ಕೂ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಸಂಘಟನೆಗೂ ನಡುವೆ 1983ರಲ್ಲಿ ಆರಂಭವಾದ ಯುದ್ಧ 2009ರ ಮೇ 18–19ರಂದು ಮುಲ್ಲೈತೀವು ಜಿಲ್ಲೆಯ ಮುಳ್ಳಿವಾಯ್ಕಾಲ್ ಬಳಿ, ಸಮುದ್ರಕ್ಕೂ ನಂದಿಕಡಲ್ ಲಗೂನಿಗೂ ನಡುವಿನ ಮರಳಿನ ಪಟ್ಟಿಯಲ್ಲಿ ಮುಗಿಯಿತು. ಎಲ್‌ಟಿಟಿಇ ಹಿಂದೆ ಸರಿಯುತ್ತ ಹೋದಂತೆ ಲಕ್ಷಾಂತರ ನಾಗರಿಕರೂ ಆ ಪಟ್ಟಿಯೊಳಗೆ ಸಿಕ್ಕಿಬಿದ್ದರು. ಸರ್ಕಾರ ಒಂದರ ನಂತರ ಒಂದರಂತೆ ಮೂರು 'ದಾಳಿ ಮುಕ್ತ ವಲಯ'ಗಳನ್ನು ಘೋಷಿಸಿತು. ಜನ ನಂಬಿ ಅಲ್ಲಿಗೆ ಹೋದರು. ಷೆಲ್‌ಗಳು ಅಲ್ಲಿಯೂ ಬಿದ್ದವು. ಪುದುಕ್ಕುಡಿಯಿರುಪ್ಪು ಆಸ್ಪತ್ರೆಯ ಮೇಲೂ ಬಿದ್ದವು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 2009ರ ಆರಂಭದಲ್ಲಿ ಒಳಗೆ ಉಳಿದಿರುವವರು ಸುಮಾರು 70,000 ಜನ ಎಂದು ಸರ್ಕಾರ ಹೇಳುತ್ತಿತ್ತು. ಆಹಾರ, ಔಷಧಿಯೂ ಆ ಲೆಕ್ಕದಂತೆಯೇ ಹೋಗುತ್ತಿತ್ತು. ಯುದ್ಧ ಮುಗಿದಾಗ ಹೊರಬಂದು ಶಿಬಿರ ಸೇರಿದವರು ಸುಮಾರು 2 ಲಕ್ಷ 90 ಸಾವಿರ. ಇವರೆಲ್ಲರ ಪಾಲಿನ ಅನ್ನ, ಔಷಧಿ, ರಕ್ತದ ಬಾಟಲಿಗಳಿಗೆ ಏನಾಯಿತು ಎಂಬುದು ಇಂದಿಗೂ ಯಾವ ನ್ಯಾಯಾಲಯವೂ ವಿಚಾರಿಸದ ಪ್ರಶ್ನೆ.

ಸತ್ತವರೆಷ್ಟು? ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ, 40,000ದವರೆಗೂ ನಾಗರಿಕರು ಸತ್ತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು. 2012ರಲ್ಲಿ ವಿಶ್ವಸಂಸ್ಥೆ ತನ್ನದೇ ವೈಫಲ್ಯದ ಬಗ್ಗೆ ನಡೆಸಿದ ಆಂತರಿಕ ಪರಿಶೀಲನೆಯು, 70,000ಕ್ಕೂ ಹೆಚ್ಚು ಜನರ ಲೆಕ್ಕ ಸಿಗುತ್ತಿಲ್ಲ ಎಂಬ ಮಾಹಿತಿಯನ್ನು ಉಲ್ಲೇಖಿಸಿತು. ಎರಡು ಅಂಕಿಗಳ ನಡುವೆ 30,000 ಜೀವಗಳ ಅಂತರವಿದೆ. ಇಷ್ಟು ದೊಡ್ಡ ಅಂತರ ಇನ್ನೂ ಹಾಗೇ ಉಳಿದಿದೆ ಎಂದರೆ ಪೂರ್ಣ ತನಿಖೆ ಇನ್ನೂ ನಡೆದಿಲ್ಲವೆಂದೇ ಅರ್ಥ.

ಈಗ ನಡೆಯುತ್ತಿರುವ ತನಿಖೆ ಯಾವುದು?

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2021ರ ಮಾರ್ಚ್ 23ರಂದು 46/1 ಎಂಬ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 22, ವಿರುದ್ಧ 11 ಮತ, 14 ದೇಶಗಳು ತಟಸ್ಥ. ಅದರ ಪ್ರಕಾರ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯಲ್ಲಿ ಶ್ರೀಲಂಕಾ ಉತ್ತರದಾಯಿತ್ವ ಯೋಜನೆ ಎಂಬ ವಿಭಾಗ ಆರಂಭವಾಯಿತು. ಸಾಕ್ಷ್ಯ ಸಂಗ್ರಹಿಸುವುದು, ವಿಶ್ಲೇಷಿಸುವುದು, ಸುರಕ್ಷಿತವಾಗಿ ಕಾಪಾಡುವುದು, ಮುಂದೆ ಯಾವ ದೇಶದ ನ್ಯಾಯಾಲಯ ವಿಚಾರಣೆ ನಡೆಸಿದರೂ ಅದಕ್ಕೆ ನೆರವಾಗುವುದು ಇದರ ಕೆಲಸ. 2022ರಲ್ಲಿ ಮತ್ತು 2024ರಲ್ಲಿ ಅವಧಿ ವಿಸ್ತರಣೆಯಾಯಿತು. 2025ರ ಅಕ್ಟೋಬರ್ 6ರಂದು 60/1 ನಿರ್ಣಯ ಮತದಾನವಿಲ್ಲದೆ ಅಂಗೀಕಾರವಾಗಿ ಇನ್ನೂ ಎರಡು ವರ್ಷ ಸಿಕ್ಕಿತು. ಅಂದರೆ 2027ರಲ್ಲಿ ಈ ವಿಷಯ ಮತ್ತೆ ಮಂಡಳಿಯ ಮುಂದೆ ಬರಬೇಕು.

ಈ ತಂಡ ಯಾರನ್ನಾದರೂ ಜೈಲಿಗೆ ಕಳುಹಿಸಬಲ್ಲದೇ?

ನೇರವಾಗಿ ಕಳುಹಿಸಲಾರದು. ಅದಕ್ಕೆ ಬಂಧಿಸುವ ಅಧಿಕಾರವಿಲ್ಲ. ಶ್ರೀಲಂಕಾ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ರಾಷ್ಟ್ರವಲ್ಲ. ಭದ್ರತಾ ಮಂಡಳಿ ಪ್ರಕರಣವನ್ನು ಅಲ್ಲಿಗೆ ಒಪ್ಪಿಸಬಹುದಾದರೂ ಚೀನಾ, ರಷ್ಯಾಗಳ ಕೈಯಲ್ಲಿ ವಿಟೊ ಇದೆ.

ಉಳಿದಿರುವ ದಾರಿ ಸಾರ್ವತ್ರಿಕ ನ್ಯಾಯವ್ಯಾಪ್ತಿ. ಯುದ್ಧಾಪರಾಧ, ಚಿತ್ರಹಿಂಸೆಯಂತಹ ಘೋರ ಅಪರಾಧಗಳು ಎಲ್ಲೇ ನಡೆದಿರಲಿ, ಆರೋಪಿ ತನ್ನ ನೆಲಕ್ಕೆ ಬಂದರೆ ವಿಚಾರಣೆ ನಡೆಸಲು ಕೆಲವು ದೇಶಗಳ ಕಾನೂನಿನಲ್ಲಿ ಅವಕಾಶವಿದೆ. ಸಿರಿಯಾದ ಬಂದೀಖಾನೆಯಲ್ಲಿ ಚಿತ್ರಹಿಂಸೆಯ ಉಸ್ತುವಾರಿ ವಹಿಸಿದ್ದ ಅಧಿಕಾರಿಯೊಬ್ಬನಿಗೆ ಜರ್ಮನಿಯ ಕೊಬ್ಲೆಂಜ್ ನ್ಯಾಯಾಲಯ 2022ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆಗ ಸಿರಿಯಾದ ಅಧ್ಯಕ್ಷ ಅಸದ್ ಇನ್ನೂ ಅಧಿಕಾರದಲ್ಲಿದ್ದ. ಅಸದ್ ಆಡಳಿತ ಕುಸಿದದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರವರೆಗೂ ಸಾಕ್ಷ್ಯವನ್ನು ಹೊರದೇಶಗಳಲ್ಲಿ ಜೋಪಾನ ಮಾಡಿದವರು, ಇದು ಎಂದಿಗಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳುತ್ತ ಕುಳಿತಿರಲಿಲ್ಲ.

ನಿರ್ಬಂಧಗಳು ಮತ್ತೊಂದು ದಾರಿ. ಅಮೆರಿಕ 2020ರಲ್ಲಿ ಶ್ರೀಲಂಕಾದ ಸೇನಾಧಿಕಾರಿ ಶವೇಂದ್ರ ಸಿಲ್ವಾ ಅವರ ಪ್ರವೇಶವನ್ನು ನಿಷೇಧಿಸಿತು. ಕೆನಡಾ 2023ರಲ್ಲಿ ಮಾಜಿ ಅಧ್ಯಕ್ಷರಾದ ಮಹಿಂದ ಮತ್ತು ಗೋಟಬಯ ರಾಜಪಕ್ಸ ಅವರ ಮೇಲೆ ನಿರ್ಬಂಧ ಹೇರಿತು. ಬ್ರಿಟನ್ 2025ರ ಮಾರ್ಚ್‌ನಲ್ಲಿ ಸಿಲ್ವಾ ಸೇರಿ ಮೂವರು ಮಾಜಿ ಸೇನಾನಿಗಳ ಮೇಲೆ ಮತ್ತು ಒಂದು ಕಾಲದ ಎಲ್‌ಟಿಟಿಇ ಕಮಾಂಡರ್ ಕರುಣಾ ಮೇಲೆ ಕ್ರಮ ಕೈಗೊಂಡಿತು. ಇಂತಹ ಕ್ರಮಗಳೂ ನಿಲ್ಲುವುದು ದಾಖಲೆಗಳ ಬಲದ ಮೇಲೆಯೇ.

ಶ್ರೀಲಂಕಾದಲ್ಲೇ ನ್ಯಾಯಾಲಯಗಳಿವೆ, ಆಯೋಗಗಳಿವೆ. ಅವುಗಳಿಗೇ ಬಿಡಬಾರದೇಕೆ?

ಬಿಟ್ಟು ನೋಡಲಾಗಿದೆ, ಮತ್ತೆ ಮತ್ತೆ ನೋಡಲಾಗಿದೆ. ಅದರಲ್ಲಿ ಭಾರತೀಯರಿಗೆ ಚೆನ್ನಾಗಿ ಗೊತ್ತಿರುವ ಹೆಸರೊಂದಿದೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ದಾರಿ ತೆರೆದ ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು, 2006ರಲ್ಲಿ ರಚನೆಯಾದ ಉದಲಗಮ ಆಯೋಗದ ಕೆಲಸವನ್ನು ಗಮನಿಸಲು ಶ್ರೀಲಂಕಾ ಸರ್ಕಾರವೇ ಆಹ್ವಾನಿಸಿದ್ದ ಅಂತರರಾಷ್ಟ್ರೀಯ ಗಣ್ಯರ ತಂಡದ ಅಧ್ಯಕ್ಷರಾಗಿದ್ದರು. ಟ್ರಿಂಕೋಮಲಿಯ ಕಡಲ ತೀರದಲ್ಲಿ 2006ರ ಜನವರಿ 2ರಂದು ಐವರು ವಿದ್ಯಾರ್ಥಿಗಳ ಹತ್ಯೆ, ಅದೇ ವರ್ಷದ ಆಗಸ್ಟ್‌ನಲ್ಲಿ ಮೂತೂರಿನಲ್ಲಿ ಫ್ರೆಂಚ್ ನೆರವು ಸಂಸ್ಥೆಯೊಂದರ 17 ಸ್ಥಳೀಯ ಸಿಬ್ಬಂದಿಯ ಹತ್ಯೆ ಆ ಆಯೋಗದ ಮುಂದಿದ್ದವು. ವಿಚಾರಣೆ ಅಂತರರಾಷ್ಟ್ರೀಯ ಮಟ್ಟಕ್ಕೆ ತಕ್ಕಂತೆ ಇಲ್ಲ, ಸಾಕ್ಷಿಗಳಿಗೆ ರಕ್ಷಣೆ ಇಲ್ಲ, ಸರ್ಕಾರಕ್ಕೆ ಇಚ್ಛಾಶಕ್ತಿ ಇಲ್ಲ ಎಂದು ಹೇಳಿ ಭಗವತಿ ಅವರ ತಂಡ 2008ರಲ್ಲಿ ಹೊರನಡೆಯಿತು. ಇಂತಹವರೇ ಕೈಚೆಲ್ಲಿದ ಮೇಲೆ, ದೂರದ ಹಳ್ಳಿಯ ವಿಧವೆಯೊಬ್ಬಳು ಆ ವ್ಯವಸ್ಥೆಯನ್ನು ನಂಬಬೇಕೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ಐವರು ವಿದ್ಯಾರ್ಥಿಗಳ ಪ್ರಕರಣದಲ್ಲಿ ಆರೋಪಿಗಳಾಗಿದ್ದ ಪೊಲೀಸ್ ವಿಶೇಷ ಕಾರ್ಯಪಡೆಯ 13 ಮಂದಿ ಸಿಬ್ಬಂದಿಯನ್ನು ಸಾಕ್ಷ್ಯ ಸಾಲದೆಂದು 2019ರಲ್ಲಿ ಬಿಡುಗಡೆ ಮಾಡಲಾಯಿತು. ಮುಖ್ಯ ಸಾಕ್ಷಿಗಳು ಜೀವಭಯದಿಂದ ಅಷ್ಟರಲ್ಲಿ ದೇಶವನ್ನೇ ಬಿಟ್ಟಿದ್ದರು.

ಶಿಕ್ಷೆಯಾದ ಅಪರೂಪದ ಪ್ರಕರಣವೂ ಒಂದಿದೆ. 2000ದ ಡಿಸೆಂಬರ್‌ನಲ್ಲಿ ಜಾಫ್ನಾದ ಮಿರುಸುವಿಲ್‌ನಲ್ಲಿ ತಮ್ಮ ಮನೆಗಳನ್ನು ನೋಡಿಕೊಂಡು ಬರಲು ಹೋಗಿದ್ದ ಎಂಟು ತಮಿಳರನ್ನು ಕೊಲ್ಲಲಾಯಿತು. ಅವರಲ್ಲಿ ಐದು ವರ್ಷದ ಮಗುವೂ ಇತ್ತು. ಸುನಿಲ್ ರತ್ನಾಯಕೆ ಎಂಬ ಸೈನಿಕನಿಗೆ 2015ರಲ್ಲಿ ಮರಣದಂಡನೆಯಾಯಿತು, 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. 2020ರ ಮಾರ್ಚ್‌ನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ಅವನಿಗೆ ಕ್ಷಮಾದಾನ ನೀಡಿ ಹೊರಗೆ ಬಿಟ್ಟರು. ಮರಣದಂಡನೆಯನ್ನು ನಾನು ಒಪ್ಪುವುದಿಲ್ಲ. ಆದರೆ ಎಂಟು ಕೊಲೆಗಳಿಗೆ ಅಪರಾಧಿಯೆಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದವನು ವರ್ಷ ತುಂಬುವುದರೊಳಗೆ ಮನೆಗೆ ಹೋದರೆ, ದೇಶೀಯ ನ್ಯಾಯದ ಮೇಲೆ ಭರವಸೆ ಇಡಿ ಎಂಬ ಮಾತು ಆ ಕುಟುಂಬಗಳಿಗೆ ಹೇಗೆ ಕೇಳಿಸಬೇಕು?

ಈಗಿನ ಸರ್ಕಾರ ಬೇರೆಯಲ್ಲವೇ? ಅದಕ್ಕೊಂದು ಅವಕಾಶ ಕೊಡಬಹುದಲ್ಲ?

ಈ ಪ್ರಶ್ನೆಯನ್ನು ಗೌರವದಿಂದಲೇ ಎದುರುಗೊಳ್ಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದ ಅನುರ ಕುಮಾರ ದಿಸ್ಸಾನಾಯಕೆ ಅವರ ಮೇಲೆ ಯುದ್ಧಕಾಲದ ಆರೋಪಗಳ ಹೊರೆಯಿಲ್ಲ. ಅವರ ಮೈತ್ರಿಕೂಟ ಜಾಫ್ನಾದಲ್ಲಿಯೂ ಗೆದ್ದಿತು. ಅವರದೇ ಪಕ್ಷವಾದ ಜೆವಿಪಿಯ ಸಾವಿರಾರು ಸಿಂಹಳೀಯ ಯುವಕರು 1987–89ರ ದಂಗೆಯ ಕಾಲದಲ್ಲಿ ಕಣ್ಮರೆಯಾದರು. ಅದೇ ಕಾಲದ ಬಟಲಂದದ ಚಿತ್ರಹಿಂಸಾ ಕೇಂದ್ರದ ಕುರಿತ ಆಯೋಗದ ವರದಿ ಕಾಲು ಶತಮಾನ ಕಪಾಟಿನಲ್ಲೇ ಇದ್ದು, ಕೊನೆಗೆ 2025ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ನಾಪತ್ತೆಯ ನೋವು ಸಿಂಹಳ ಭಾಷೆಯಲ್ಲಿಯೂ ಇದೆ ಎಂಬುದನ್ನು ಮರೆಯಬಾರದು.

ಆದರೂ ಇದೇ ಸರ್ಕಾರ ಜಿನೀವಾದ ಸಾಕ್ಷ್ಯ ಸಂಗ್ರಹವನ್ನು ಒಪ್ಪುವುದಿಲ್ಲ ಎಂದು ಮಂಡಳಿಯಲ್ಲಿ ಹೇಳುತ್ತ ಬಂದಿದೆ. ಇಲ್ಲಿ 2015ರ ಪಾಠ ನೆನಪಿಗೆ ಬರುತ್ತದೆ. ಆಗ ಬಂದ ಹೊಸ ಸರ್ಕಾರ ಮಂಡಳಿಯ 30/1 ನಿರ್ಣಯಕ್ಕೆ ತಾನೇ ಸಹಪ್ರಾಯೋಜಕನಾಗಿ, ವಿದೇಶಿ ನ್ಯಾಯಾಧೀಶರೂ ಭಾಗವಹಿಸುವ ವಿಶೇಷ ನ್ಯಾಯ ವ್ಯವಸ್ಥೆ, ಸತ್ಯ ಆಯೋಗ, ನಾಪತ್ತೆಯಾದವರ ಕಚೇರಿ, ಪರಿಹಾರ ಕಚೇರಿಗಳ ಭರವಸೆ ಕೊಟ್ಟಿತು. ಕಚೇರಿಗಳೆರಡು ಬಂದವು. ನ್ಯಾಯಾಲಯ ಬರಲೇ ಇಲ್ಲ. 2020ರ ಫೆಬ್ರುವರಿಯಲ್ಲಿ ಮುಂದಿನ ಸರ್ಕಾರ ಇಡೀ ಬದ್ಧತೆಯಿಂದಲೇ ಹಿಂದೆ ಸರಿಯಿತು. ಸರ್ಕಾರಗಳು ಬದಲಾಗುತ್ತವೆ. ಹೊರಗಿನ ತನಿಖೆ ಉಳಿದಿದ್ದರೆ, ಒಳ್ಳೆಯ ಸರ್ಕಾರಕ್ಕೆ ಅದು ನೆರವಾಗುತ್ತದೆ, ಕೆಟ್ಟ ಸರ್ಕಾರ ಬಂದರೂ ಸಾಕ್ಷ್ಯ ಅದರ ಕೈಗೆ ಸಿಗುವುದಿಲ್ಲ.

ಎಲ್‌ಟಿಟಿಇ ಮಾಡಿದ್ದು ಕಡಿಮೆಯೇ? ರಾಜೀವ್ ಗಾಂಧಿಯನ್ನು ಕೊಂದವರ ಪರ ಮಾತನಾಡುತ್ತಿದ್ದೀರಾ?

ಖಂಡಿತ ಇಲ್ಲ. ರಾಜೀವ್ ಹತ್ಯೆಯ ರೂವಾರಿ ಶಿವರಾಸನ್ ಮತ್ತು ಅವನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಆ ದಿನಗಳನ್ನು ಕಂಡವರಿಗೆ ಎಲ್‌ಟಿಟಿಇ ಕ್ರೌರ್ಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 1990ರ ಆಗಸ್ಟ್‌ನಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿಗೆ ನಿಂತವರ ನರಮೇಧ, ಅದೇ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತ್ಯದ ಸುಮಾರು 70,000 ಮುಸ್ಲಿಮರನ್ನು ಮನೆಮಠ ಬಿಡಿಸಿ ಓಡಿಸಿದ್ದು, ಮಕ್ಕಳ ಕೈಗೆ ಬಂದೂಕು ಕೊಟ್ಟದ್ದು, ಕೊನೆಯ ತಿಂಗಳುಗಳಲ್ಲಿ ತನ್ನದೇ ಜನ ತಪ್ಪಿಸಿಕೊಳ್ಳಲು ಹೊರಟಾಗ ಗುಂಡಿಟ್ಟದ್ದು, ಎಲ್ಲವೂ ನಡೆದಿದೆ.

2015ರ ವಿಶ್ವಸಂಸ್ಥೆಯ ತನಿಖಾ ವರದಿ ತನ್ನ ವ್ಯಾಪ್ತಿಯ ವರ್ಷಗಳಲ್ಲಿ ಎರಡೂ ಕಡೆಯವರ ಅಪರಾಧಗಳನ್ನು ದಾಖಲಿಸಿದೆ. ಹೊರದೇಶದ ನ್ಯಾಯಾಲಯಗಳೂ ಒಂದೇ ಕಡೆ ನೋಡಿಲ್ಲ. ಶ್ರೀಲಂಕಾದ ವಿದೇಶಾಂಗ ಸಚಿವರಾಗಿದ್ದ ಲಕ್ಷ್ಮಣ್ ಕದಿರ್‌ಗಾಮರ್ ಅವರ 2005ರ ಹತ್ಯೆಗೆ ನೆರವಾದ ಎಲ್‌ಟಿಟಿಇ ಸದಸ್ಯನಿಗೆ 2020ರ ಜನವರಿಯಲ್ಲಿ ಜರ್ಮನಿಯಲ್ಲಿ ಜೈಲು ಶಿಕ್ಷೆಯಾಯಿತು. ಎಲ್‌ಟಿಟಿಇ ನಾಯಕರು ಸತ್ತಿದ್ದಾರೆ, ಅವರ ಪಾಪ ಮುಳ್ಳಿವಾಯ್ಕಾಲ್‌ನ ಹಸುಳೆಗಳ ತಲೆಗೆ ಬರುವುದಿಲ್ಲ.

ಭಾರತದ ನಿಲುವೇನು?

ಒಂದೇ ನಿಲುವು ಇದ್ದಿಲ್ಲ. 2009ರ ಮೇ ತಿಂಗಳ ವಿಶೇಷ ಅಧಿವೇಶನದಲ್ಲಿ ಶ್ರೀಲಂಕಾ ಸರ್ಕಾರಕ್ಕೆ ಅನುಕೂಲವಾದ ನಿರ್ಣಯವನ್ನು ಭಾರತ ಬೆಂಬಲಿಸಿತು. 2012 ಮತ್ತು 2013ರಲ್ಲಿ ಹೊಣೆಗಾರಿಕೆ ಕೇಳುವ ನಿರ್ಣಯಗಳ ಪರ ಮತ ಹಾಕಿತು. ಅಂತರರಾಷ್ಟ್ರೀಯ ತನಿಖೆಗೆ ಆದೇಶಿಸಿದ 2014ರ ನಿರ್ಣಯಕ್ಕೆ, ನಂತರ 2021 ಮತ್ತು 2022ರ ನಿರ್ಣಯಗಳಿಗೆ ತಟಸ್ಥವಾಯಿತು. ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿಯಂತೆ ತಮಿಳರಿಗೆ ಅಧಿಕಾರ ಹಂಚಿಕೆಯಾಗಬೇಕು ಎಂದು ಹೇಳುವ ದೆಹಲಿ, ಸತ್ತವರ ವಿಷಯ ಬಂದಾಗ ದನಿ ತಗ್ಗಿಸುತ್ತದೆ. ದ್ವೀಪದಲ್ಲಿ ಚೀನಾದ ಪ್ರಭಾವದ ಚಿಂತೆ ಇದಕ್ಕೆ ಒಂದು ಕಾರಣವೆಂದು ಎಲ್ಲರೂ ಬಲ್ಲರು.

ಇನ್ನೊಂದನ್ನು ನಾವೇ ಹೇಳಬೇಕು. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿತ್ತು, ಸುಮಾರು 1,200 ಭಾರತೀಯ ಯೋಧರು ಪ್ರಾಣ ತೆತ್ತರು. ಅದೇ ಪಡೆ 1987ರ ಅಕ್ಟೋಬರ್ 21ರ ದೀಪಾವಳಿಯ ದಿನ ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದಾಗ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳಿಗೂ ಲೆಕ್ಕ ಕೊಡಬೇಕು. ನಮ್ಮವರ ಮೇಲಿನ ಆರೋಪವನ್ನು ಮುಚ್ಚಿಟ್ಟು ಬೇರೆಯವರ ನ್ಯಾಯದ ಬಗ್ಗೆ ಮಾತನಾಡಿದರೆ ಆ ಮಾತಿಗೆ ತೂಕವಿರುವುದಿಲ್ಲ.

ಭಾರತ 2026ರಿಂದ 2028ರವರೆಗಿನ ಅವಧಿಗೆ ಮಾನವ ಹಕ್ಕುಗಳ ಮಂಡಳಿಗೆ ಆಯ್ಕೆಯಾಗಿದೆ. 2027ರಲ್ಲಿ ಮತದಾನ ನಡೆದರೆ ನಮ್ಮ ದೇಶದ ಕೈಯಲ್ಲಿ ಒಂದು ಮತವಿರುತ್ತದೆ.

ಇದು ಸಾರ್ವಭೌಮ ರಾಷ್ಟ್ರದ ಆಂತರಿಕ ವಿಷಯವಲ್ಲವೇ?

2015ರಲ್ಲಿ ಶ್ರೀಲಂಕಾವೇ ಜಿನೀವಾದಲ್ಲಿ ಸಹಿ ಹಾಕಿ ಅದು ಅಂತರರಾಷ್ಟ್ರೀಯ ವಿಷಯವೆಂದು ಒಪ್ಪಿತ್ತು. ಚಿತ್ರಹಿಂಸೆ ಮತ್ತು ಬಲವಂತದ ಕಣ್ಮರೆ ವಿರುದ್ಧದ ಒಪ್ಪಂದಗಳನ್ನೂ ಅದು ಒಪ್ಪಿಕೊಂಡಿದೆ.

ಕುಟುಂಬಗಳಿಗೆ ಪರಿಹಾರ ಕೊಟ್ಟು ಮುಗಿಸಬಾರದೇ?

2022ರಲ್ಲಿ ನಾಪತ್ತೆಯಾದವರ ಪ್ರತಿ ಕುಟುಂಬಕ್ಕೆ ಒಂದು ಬಾರಿ 2 ಲಕ್ಷ ಶ್ರೀಲಂಕಾ ರೂಪಾಯಿ ಕೊಡುವ ನಿರ್ಧಾರವಾಯಿತು. ಅನೇಕ ತಾಯಂದಿರು ಬೇಡವೆಂದರು. ಅವರು ಬೇಡವೆಂದದ್ದು ಹಣದ ಅಗತ್ಯ ಇಲ್ಲದ್ದರಿಂದಲ್ಲ.

2009ರ ಮೇ 18ರಂದು ವಟ್ಟುವಾಗಲ್ ಸೇತುವೆಯ ಬಳಿ ಅನೇಕರು ತಮ್ಮ ಗಂಡಂದಿರನ್ನು, ಮಕ್ಕಳನ್ನು ಸೈನ್ಯಕ್ಕೆ ಒಪ್ಪಿಸಿದರು. ವಿಚಾರಣೆ ಮಾಡಿ ಬಿಡುತ್ತೇವೆ ಎಂದಿದ್ದರು. ಬಸ್ಸುಗಳಲ್ಲಿ ಕೂರಿಸಿ ಕರೆದೊಯ್ದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಪುಟ್ಟ ಮಕ್ಕಳೂ ತಂದೆತಾಯಿಯ ಜೊತೆ ಬಸ್ಸು ಹತ್ತಿದ್ದರು. ಷೆಲ್ ಬಿದ್ದು ಸತ್ತರೆಂದಾದರೆ ಅತ್ತು ಸುಮ್ಮನಾಗಬಹುದಿತ್ತು, ನಮ್ಮ ಕೈಯಾರೆ ಒಪ್ಪಿಸಿದವರು ಎಲ್ಲಿ ಎಂಬುದು ಈ ತಾಯಂದಿರ ಪ್ರಶ್ನೆ. ಹಣ ಪಡೆದು ಮರಣಪತ್ರಕ್ಕೆ ಒಪ್ಪಿದರೆ ಆ ಪ್ರಶ್ನೆಯನ್ನು ತಾವೇ ಮುಚ್ಚಿದಂತಾಗುತ್ತದೆ ಎಂಬ ಭಯ ಅವರದು.

2017ರ ಫೆಬ್ರುವರಿಯಲ್ಲಿ ಕಿಳಿನೊಚ್ಚಿ ಮತ್ತು ವವುನಿಯಾದ ರಸ್ತೆಬದಿಯಲ್ಲಿ ಫೋಟೊ ಹಿಡಿದು ಕುಳಿತ ಅವರು ವರ್ಷಗಳ ಕಾಲ ಅಲ್ಲಿಂದ ಏಳಲಿಲ್ಲ. ಗುಪ್ತಚರರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ರಾತ್ರಿ ಮನೆಗೆ ಬಂದು ವಿಚಾರಿಸುತ್ತಾರೆ ಎಂದು ಅವರು ದೂರುತ್ತಲೇ ಬಂದಿದ್ದಾರೆ. ಕುಳಿತವರಲ್ಲಿ ಎಷ್ಟೋ ಜನ ಈಗಿಲ್ಲ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಬಳಿ 16,000ಕ್ಕೂ ಹೆಚ್ಚು ನಾಪತ್ತೆ ಪ್ರಕರಣಗಳು ದಾಖಲಾಗಿವೆ.

ತನಿಖೆ ನಿಂತರೆ ಆಗುವ ನಷ್ಟವಾದರೂ ಏನು?

ಯೆಮನ್‌ನಲ್ಲಿ ಏನಾಯಿತೆಂದು ನೋಡಿ. ಅಲ್ಲಿನ ಯುದ್ಧದ ಅಪರಾಧಗಳನ್ನು ಪರಿಶೀಲಿಸುತ್ತಿದ್ದ ತಜ್ಞರ ತಂಡದ ಅವಧಿ ವಿಸ್ತರಿಸುವ ನಿರ್ಣಯ 2021ರ ಅಕ್ಟೋಬರ್‌ನಲ್ಲಿ 18 ಮತಗಳ ವಿರುದ್ಧ 21 ಮತಗಳಿಂದ ಬಿದ್ದುಹೋಯಿತು. ಮಂಡಳಿಯ ಇತಿಹಾಸದಲ್ಲೇ ನಿರ್ಣಯವೊಂದು ಸೋತದ್ದು ಅದೇ ಮೊದಲು. ನಾಲ್ಕು ತಿಂಗಳೊಳಗೆ, 2022ರ ಜನವರಿಯಲ್ಲಿ, ಸಾದಾ ನಗರದ ಬಂದೀಖಾನೆಯ ಮೇಲೆ ನಡೆದ ವಾಯುದಾಳಿಯಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಇದ್ದಿದ್ದರೆ ಬಾಂಬು ಬೀಳುತ್ತಿರಲಿಲ್ಲ ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಬಿದ್ದಾಗ ದಾಖಲಿಸಿ, ಹೊಣೆ ಯಾರದೆಂದು ಹೇಳಲು ಮಂಡಳಿಯ ತಂಡ ಇರಲಿಲ್ಲ. 2023ರಲ್ಲಿ ಇಥಿಯೋಪಿಯಾದ ತನಿಖಾ ಆಯೋಗಕ್ಕೆ ಅಷ್ಟೂ ಗತಿ ಇರಲಿಲ್ಲ. ಯಾರೂ ನಿರ್ಣಯವನ್ನೇ ಮಂಡಿಸದೆ ಅದರ ಅವಧಿ ಮುಗಿದುಹೋಯಿತು. ತನಿಖೆಗಳು ಬಹುತೇಕ ಸಾಯುವುದು ಹೀಗೆ, ಸದ್ದಿಲ್ಲದೆ. ಶ್ರೀಲಂಕಾದ ವಿಷಯದಲ್ಲಿ ನಾವು ಎಚ್ಚರವಾಗಿರಬೇಕಾದದ್ದೂ ಇದಕ್ಕೇ. ವಿಶ್ವಸಂಸ್ಥೆಯಲ್ಲಿ ಈಗ ಹಣದ ಮುಗ್ಗಟ್ಟಿದೆ. ಕಾಗದದ ಮೇಲೆ ಅವಧಿ ಇದ್ದು ಕೆಲಸಕ್ಕೆ ಜನರಿಲ್ಲದಂತಾದರೂ ಫಲ ಒಂದೇ.

ಕರ್ನಾಟಕದಲ್ಲಿ ಕುಳಿತ ನಾನು ಏನು ಮಾಡಬಹುದು?

ಮೊದಲನೆಯದಾಗಿ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಶ್ರೀಲಂಕಾ ನಿರ್ಣಯ ಮಂಡಳಿಯ ಮುಂದೆ ಬಂದಾಗ ಭಾರತ ಏನು ಮಾಡಲಿದೆ ಎಂದು ವಿದೇಶಾಂಗ ಸಚಿವರನ್ನು ಸದನದಲ್ಲಿ ಪ್ರಶ್ನಿಸುವಂತೆ ಕೇಳಿ. ಇದು ತಮಿಳುನಾಡಿನ ಸಂಸದರ ಪಾಲಿನ ವಿಷಯ ಎಂಬ ಭಾವನೆ ದೆಹಲಿಯಲ್ಲಿ ಬೇರೂರಿದೆ. ಕರ್ನಾಟಕದ ಸದಸ್ಯರೊಬ್ಬರು ಕೇಳಿದರೆ ಆ ಪ್ರಶ್ನೆಯನ್ನು ಮತಬ್ಯಾಂಕಿನ ಮಾತೆಂದು ತಳ್ಳಿಹಾಕಲು ಬರುವುದಿಲ್ಲ.

ನೀವು ಟೊರಾಂಟೊ, ಲಂಡನ್‌ನಂತಹ ಊರುಗಳಲ್ಲಿರುವ ಕನ್ನಡಿಗರಾಗಿದ್ದರೆ ನಿಮ್ಮ ನೆರೆಹೊರೆಯಲ್ಲಿ ಈ ಯುದ್ಧದಿಂದ ಪಾರಾಗಿ ಬಂದವರು ಇರಬಹುದು. ಅವರಾಗಿಯೇ ಹೇಳದ ಹೊರತು ಕೆದಕಿ ಕೇಳಬೇಡಿ. ಹೇಳಿದರೆ ಅವರ ಹೆಸರು, ಊರುಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಅವರ ಬಂಧುಗಳು ಇನ್ನೂ ಉತ್ತರ ಶ್ರೀಲಂಕಾದ ವನ್ನಿ ಪ್ರದೇಶದಲ್ಲೋ ಜಾಫ್ನಾದಲ್ಲೋ ಇರಬಹುದು.

ಯಾರ ಬಳಿಯಾದರೂ ಆ ಕಾಲದ ಫೋಟೊ, ವಿಡಿಯೊ, ಪತ್ರ, ಆಸ್ಪತ್ರೆಯ ಚೀಟಿ ಇದ್ದರೆ ಮೂಲ ಪ್ರತಿಯನ್ನು ಹಾಗೆಯೇ ಉಳಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ತೆಗೆದ ದಿನ, ಸಮಯ, ಸ್ಥಳದ ಅಡಕ ಮಾಹಿತಿ ಅಳಿಸಿಹೋಗುತ್ತದೆ, ನ್ಯಾಯಾಲಯದಲ್ಲಿ ಅದರ ಬೆಲೆ ಕುಗ್ಗುತ್ತದೆ. ಹಳೆಯ ಫೋನು, ಕ್ಯಾಮೆರಾ ಕಾರ್ಡುಗಳನ್ನು ಎಸೆಯಬಾರದು. ಚಿತ್ರವನ್ನು ಕತ್ತರಿಸಬಾರದು, ಬೆಳಕು ತಿದ್ದಬಾರದು. ಯಾರು, ಎಂದು, ಎಲ್ಲಿ ತೆಗೆದದ್ದು, ಆ ನಂತರ ಯಾರ ಕೈಯಲ್ಲಿತ್ತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ಅದನ್ನು ಜಿನೀವಾದ ತಂಡಕ್ಕೆ ನೀಡಬೇಕೇ ಬೇಡವೇ ಎಂಬ ನಿರ್ಧಾರ ಅವರದ್ದೇ ಆಗಿರಲಿ. ನೀಡುವುದಾದರೆ ಯಾವ ಷರತ್ತಿನ ಮೇಲೆ, ತಮ್ಮ ಹೆಸರು ಯಾರಿಗೆ ತಿಳಿಯಬಹುದು, ಯಾರಿಗೆ ತಿಳಿಯಬಾರದು ಎಂಬುದನ್ನು ಮೊದಲೇ ಲಿಖಿತವಾಗಿ ಹೇಳುವ ಹಕ್ಕು ಅವರಿಗಿದೆ ಎಂದು ತಿಳಿಸಿ.